ಬಾಜೂ ಮನೆಯ ಗಿಣ್ಣ

ಮುಂಬಯಿಯ ಜನ ಬೆಳಗಿನ ಚಹಕ್ಕೆಂದು ಹಾಲಿನ ಪಾಕೀಟಿನ ಮೂಲೆ ಕತ್ತರಿಸುವಾಗ ಅದರ ಹಿಂದೆ ಯಾರದೋ ಒಂದು ಮೂಗು, ಯಾರದೋ ಒಂದು ನಾಲಗೆ ದುಡಿದಿರುತ್ತದೆಂದು ಯೋಚಿಸುವುದಿಲ್ಲ. ಯೋಚಿಸಬೇಕಾದ ಅಗತ್ಯವೂ ಇಲ್ಲ. ಕುರ್ಲಾದ ನಮ್ಮ ಡೇರಿಯಿಂದ ಹೊರಟ ಪಾಕೀಟುಗಳ ಮಟ್ಟಿಗೆ ಆ ಮೂಗು, ಆ ನಾಲಗೆ ಶ್ರೀಮತಿ ಇಂದ್ರಾಬಾಯಿ ಹೊಸಮನಿಯವರದು. ಹಾಲಿನ ಗುಣಪರೀಕ್ಷೆಯ ಕ್ಷೇತ್ರದಲ್ಲಿ ಪ್ರಬಂಧ ಮಂಡಿಸಿದವರಿದ್ದಾರೆ, ಪರದೇಶ ಸುತ್ತಿ ಬಂದವರಿದ್ದಾರೆ, ಪದಕ ಪಡೆದವರಿದ್ದಾರೆ. ಆದರೆ ಕೃಷ್ಣಾ ತೀರದ ಹಳ್ಳಿಯ ಕೊಟ್ಟಿಗೆಯನ್ನೂ ಕುರ್ಲಾದ ಚಾಳಿನ ಒಲೆಯನ್ನೂ ಒಂದೇ ಓಣಿಯ ಎರಡು ಮನೆಗಳೆಂದು ತಿಳಿದು ನಡೆದವರು ನನ್ನ ತಿಳಿವಿನಲ್ಲಿ ಇವರೊಬ್ಬರೇ. ಹಾಗೆ ತಿಳಿದುದರಿಂದ ಒಮ್ಮೆ ದೊಡ್ಡ ಫಜೀತಿಯೂ ಆಯಿತು. ಆ ಫಜೀತಿಯ ಕತೆ ಹೇಳದೆ ಇವರ ಅಭಿನಂದನೆ ಪೂರ್ತಿಯಾಗುವುದಿಲ್ಲವೆಂದು ನಾನು ಹಟ ಹಿಡಿದಿದ್ದೇನೆ.

ಇವರ ಕೈಕೆಳಗೆ ಪಳಗಿದವನು, ಪಳಗುವಾಗ ಸಾಕಷ್ಟು ಬೈಸಿಕೊಂಡವನು ನಾನು. “ಅಣವೀರಪ್ಪನವರ, ಚಲೋತ್ನಂಗ ಬರೀರಿ, ಗ್ರಂಥಕ್ಕ ಶೋಭಾ ಬರಬೇಕು” ಎಂದು ಈ ಅಭಿನಂದನ ಗ್ರಂಥದ ಸಂಪಾದಕರು ತಾಕೀತು ಮಾಡಿದ್ದಾರೆ. ಶೋಭೆಯ ವಿಷಯ ನನಗೆ ತಿಳಿಯದು. ಹಾಲಿನ ವಿಷಯ ಅಷ್ಟಿಷ್ಟು ಗೊತ್ತು, ಇಂದ್ರಾಬಾಯಿಯವರ ವಿಷಯ ಅದಕ್ಕಿಂತ ತುಸು ಹೆಚ್ಚು ಗೊತ್ತು. ಇಷ್ಟರ ಮೇಲೆ ಬರೆಯುತ್ತೇನೆ.

ಇಂದ್ರಾಬಾಯಿಯವರ ತಂದೆ ಶಾಂತಪ್ಪನವರು ವಿಜಯಪುರ ಸೀಮೆಯಿಂದ ಬಂದು ಬೈಕುಲ್ಲಾದ ತರಕಾರಿ ಮಾರುಕಟ್ಟೆಯಲ್ಲಿ ಮೂಟೆ ಹೊತ್ತವರು. ತಾಯಿ ಸುಂದ್ರವ್ವನವರು ಕುರ್ಲಾದ ಒಂದು ತಬೇಲಾದಲ್ಲಿ ಎಮ್ಮೆಗಳ ಸಗಣಿ ಬಾಚಿ, ಕುಳ್ಳು ತಟ್ಟಿ ಸಂಸಾರ ತೂಗಿಸಿದವರು. ತಬೇಲಾದ ಮಾಲಕ ಅಮಾವಾಸ್ಯೆಗೊಮ್ಮೆ ಅವರಿಗೆ ಒಂದು ಲೋಟ ಹಾಲು ಕೊಡುತ್ತಿದ್ದನಂತೆ. ಆ ಲೋಟವನ್ನು ಮನೆಯ ಮಂದಿಯೆಲ್ಲ ಹಂಚಿಕೊಂಡು ಕುಡಿದು, ಲೋಟ ತೊಳೆದ ನೀರನ್ನೂ ಕುಡಿದು ಬೆಳೆದ ಹುಡುಗಿ ಮುನ್ಸಿಪಾಲಿಟಿಯ ಕನ್ನಡ ಶಾಲೆ ಕಲಿತು, ರಸಾಯನಶಾಸ್ತ್ರದಲ್ಲಿ ಪದವಿ ಪಡೆದು, ನಮ್ಮ ಡೇರಿಯ ಲ್ಯಾಬಿಗೆ ಸಹಾಯಕಿಯಾಗಿ ಸೇರಿದ ದಿನ ಇಡೀ ಚಾಳಿಗೆ ಪೇಢೆ ಹಂಚಲಾಯಿತು. ಮಗಳು ಹಾಲಿನ ಆಫೀಸಿನಲ್ಲಿ ಸಾಹೇಬಳಾದಳೆಂದು ಸುಂದ್ರವ್ವನವರು ನೆರೆಹೊರೆಗೆಲ್ಲ ಹೇಳಿಕೊಂಡು ಬಂದರು.

ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ನಮ್ಮ ಕೆಲಸದ ರೀತಿ ತಿಳಿಯದವರಿಗೆ ಒಂದು ಮಾತು ಹೇಳಬೇಕು. ಹಳ್ಳಿಗಳಿಂದ ಟ್ಯಾಂಕರು ಬಂದ ಕೂಡಲೇ ಅದರ ಮುಚ್ಚಳ ತೆಗೆದು ಮೊದಲು ಮೂಸಿ ನೋಡಬೇಕು. ಆಮೇಲೆ ಮಾದರಿಯನ್ನು ಕಾಯಿಸಿ, ಆರಿಸಿ, ಒಂದು ಗುಟುಕು ಬಾಯಲ್ಲಿ ಹಾಕಿ, ನಾಲಗೆಯ ಮೇಲೆಲ್ಲ ಆಡಿಸಿ, ಬೇಸಿನ್ನಿಗೆ ಉಗುಳಬೇಕು. ನುಂಗಿದರೆ ಮುಂದಿನ ಮಾದರಿಯ ರುಚಿ ಹತ್ತುವುದಿಲ್ಲ. ಯಂತ್ರಗಳು ಎಷ್ಟು ಬಂದರೂ ಈ ಗುಟುಕು ಇಂದಿಗೂ ಉಳಿದಿದೆ. ಮಗಳು ದಿನವಿಡೀ ಹಾಲು ಉಗುಳುತ್ತಾಳೆಂದು ತಿಳಿದಾಗ ಸುಂದ್ರವ್ವನವರು ಮಾತು ಬಿಟ್ಟರು. “ಹಾಲ ಉಗಳಿದ ಬಾಯಿಗೆ ಹಾಲ ದಕ್ಕೂದಿಲ್ಲವಾ” ಎಂದು ಕಣ್ಣೀರು ಹಾಕಿದರು. ಕಡೆಗೆ ತಾಯಿ ಮಗಳ ನಡುವೆ ಒಂದು ರಾಜಿಯಾಯಿತು: ಪ್ರತಿ ಸಲ ಉಗುಳಿದಾಗಲೂ ತಪ್ಪಾಯಿತೆಂದು ಕೇಳಿಕೊಳ್ಳಬೇಕು.

ಇಂದ್ರಾಬಾಯಿಯವರು ಅದನ್ನು ತಪ್ಪದೆ ನಡೆಸಿದರು. ಉಗುಳುತ್ತಿದ್ದರು, ಬೇಸಿನ್ನಿನ ಅಂಚನ್ನು ಬಲಗೈ ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು, ಮುಂದಿನ ಮಾದರಿಗೆ ಕೈ ಹಾಕುತ್ತಿದ್ದರು. ಹೊಸಬರು ನಕ್ಕರೆ ನಗಲು ಬಿಡುತ್ತಿದ್ದರು. ತಾಯಿ ತೀರಿಕೊಂಡ ಮೇಲೂ, ತಾವೇ ಗುಣ ವಿಭಾಗದ ಮುಖ್ಯಸ್ಥರಾಗಿ ಕುರ್ಚಿಯಲ್ಲಿ ಕೂತ ಮೇಲೂ, ಬೆಳಗಿನ ಮೊದಲ ಟ್ಯಾಂಕರಿನ ಗುಟುಕನ್ನು ಅವರು ಬೇರೆಯವರಿಗೆ ಬಿಟ್ಟುಕೊಡಲಿಲ್ಲ.

ನಾನು ಕೆಲಸಕ್ಕೆ ಸೇರಿದ ದಿನ ಧಾರವಾಡದಿಂದ ಬಂದ ಹೊಸ ಮದುಮಗನಂತೆ ತಲೆಗೆ ಘಮಘಮಿಸುವ ಎಣ್ಣೆ ಹಚ್ಚಿಕೊಂಡು ಹೋಗಿದ್ದೆ. ಇಂದ್ರಾಬಾಯಿಯವರು ಬಾಗಿಲಲ್ಲೇ ನಿಲ್ಲಿಸಿದರು. “ಅಣವೀರಪ್ಪ, ಇವತ್ತ ಹಾಲಿನ ಲಗ್ನ ಇಲ್ಲ. ತಲಿ ತೊಳಕೊಂಡು ಬಾ” ಎಂದರು. ತೊಳೆದುಕೊಂಡು ಬಂದೆ, ಮತ್ತೆ ಎಂದೂ ಎಣ್ಣೆ ಹಚ್ಚಲಿಲ್ಲ. ಅವರ ಲ್ಯಾಬಿನಲ್ಲಿ ಎಣ್ಣೆ, ಅತ್ತರು, ಊದಿನಕಡ್ಡಿ, ಉಳ್ಳಾಗಡ್ಡಿ, ಎಲೆ-ಅಡಿಕೆ ಒಂದೂ ನಡೆಯುತ್ತಿರಲಿಲ್ಲ. ಹೂವಿನ ಮೇಲೆ ಅಷ್ಟೊಂದು ಜೀವವಿದ್ದ ಹೆಣ್ಣುಮಗಳು ತಾವೂ ಬೆಳಿಗ್ಗೆ ಹೂ ಮುಡಿದವರಲ್ಲ. ಸಂಜೆ ಕುರ್ಲಾ ಸ್ಟೇಷನ್ನಿನ ಸೇತುವೆಯ ಕೆಳಗೆ ಒಂದು ಮೊಳ ಮಲ್ಲಿಗೆ ಕೊಂಡು, ನಿಂತಲ್ಲೇ ಮುಡಿದು, ಆಮೇಲೆ ಮನೆಯ ಹಾದಿ ಹಿಡಿಯುತ್ತಿದ್ದರು. ಊರೆಲ್ಲ ಹೂ ಬಾಡಿಸಿಕೊಂಡು ಮನೆಗೆ ಮರಳುವ ಹೊತ್ತಿಗೆ ನಮ್ಮ ಇಂದ್ರಾಬಾಯಿಯವರ ಜಡೆಯಲ್ಲಿ ಮೊಗ್ಗು ಅರಳುತ್ತಿತ್ತು.

ಬೈಗುಳದ ಬಗ್ಗೆ ಇಷ್ಟು ಬರೆದ ಮೇಲೆ ಅಂತಃಕರಣದ ಬಗ್ಗೆಯೂ ಬರೆಯದಿದ್ದರೆ ನಾನು ಋಣಗೇಡಿಯಾಗುತ್ತೇನೆ. ಹಾಲು ತಿರಸ್ಕೃತವಾದ ಟ್ಯಾಂಕರಿನ ಚಾಲಕನನ್ನು ಅವರು ಊಟ ಮಾಡಿಸದೆ ಕಳಿಸಿದ್ದನ್ನು ನಾನು ಕಾಣೆ. “ತಪ್ಪು ಹಾಲಿಂದು, ಅವಂದಲ್ಲ” ಎನ್ನುತ್ತಿದ್ದರು. ಹಾಲಿಗೆ ನೀರು ಬೆರೆತದ್ದು ಗೊತ್ತಾದರೆ ಹಳ್ಳಿಯವರ ಮುಖದ ಮೇಲೆ ಹಾಗೆಂದು ಹೇಳುತ್ತಿರಲಿಲ್ಲ. ಫೋನು ಹಚ್ಚಿ, “ಯಾಕೋ ಈ ವಾರ ನಿಮ್ಮ ಎಮ್ಮಿ ಭಾಳ ನೀರ ಕುಡದಂಗ ಕಾಣತದ್ರೀ” ಎನ್ನುತ್ತಿದ್ದರು. ಅತ್ತ ಕಡೆಯವರು ನಾಚಿ, “ಇನ್ನ ಮ್ಯಾಲೆ ಕಡಿಮಿ ಕುಡಸ್ತೀವ್ರೀ” ಎನ್ನುತ್ತಿದ್ದರು. ಮರುದಿನದಿಂದ ಹಾಲು ಗಟ್ಟಿಯಾಗುತ್ತಿತ್ತು. ನನ್ನ ಮನೆಯಾಕೆ ನಾಗರತ್ನಾ ಆಸ್ಪತ್ರೆಯಲ್ಲಿ ಮಲಗಿದ್ದಾಗ ಇಂದ್ರಾಬಾಯಿಯವರು ಕುರ್ಲಾದಿಂದ ಸಾಂತಾಕ್ರೂಜಿಗೆ ಬಸ್ಸು ಹಿಡಿದು ದಿನವೂ ಬಂದು ರೊಟ್ಟಿ, ಪುಂಡಿಪಲ್ಯೆ ಕೊಟ್ಟು ಹೋದರು. “ಬಾಯಾರ, ನಿಮ್ಮ ಉಪಕಾರ ಹೆಂಗ ತೀರಸ್ಲಿ” ಎಂದೆ. “ಪಲ್ಯಾಕ್ಕ ಉಪ್ಪ ಸರಿ ಆಗಿತ್ತೋ ಇಲ್ಲೋ ಅಷ್ಟ ಹೇಳು” ಎಂದರು. ಸರಿಯಾಗಿತ್ತೆಂದು ಆಗ ಸುಳ್ಳು ಹೇಳಿದ್ದೆ. ಹೆಚ್ಚಾಗಿತ್ತು, ಬಾಯಾರ.

ಇನ್ನು ಫಜೀತಿಯ ಕತೆ.

ಹತ್ತು ಹನ್ನೆರಡು ವರ್ಷಗಳ ಹಿಂದೆ ಅಥಣಿ ಸೀಮೆಯ ಮರಡಿಹಾಳವೆಂಬ ಊರಿನ ಹೆಣ್ಣುಮಕ್ಕಳು ತಮ್ಮದೇ ಹಾಲಿನ ಸಂಘ ಕಟ್ಟಿದ್ದರು. ಊರಿನ ಗಂಡಸರಲ್ಲಿ ಅರ್ಧದಷ್ಟು ಜನ ಮುಂಬಯಿಯಲ್ಲಿ ಕಟ್ಟಡದ ಕೆಲಸಕ್ಕಿದ್ದರು. ಮನೆಯಲ್ಲಿ ಉಳಿದ ಹೆಂಗಸರಿಗೆ ಎಮ್ಮೆಯೇ ಆಸರೆ, ಸಂಘವೇ ಧೈರ್ಯ. ಅವರ ಹಾಲು ನಮ್ಮ ಸಣ್ಣ ಟ್ಯಾಂಕರಿನ ಹಿಂದಿನ ಖಾನೆಯಲ್ಲಿ, ಬೇರೆ ಯಾವ ಊರಿನ ಹಾಲೂ ಬೆರೆಯದೆ ಕುರ್ಲಾ ಮುಟ್ಟುತ್ತಿತ್ತು. ಸಂಘದ ಉದ್ಘಾಟನೆಗೆ ಹೋದ ಇಂದ್ರಾಬಾಯಿಯವರು ಶುಚಿತ್ವದ ಬಗ್ಗೆ ಉದ್ದ ಭಾಷಣ ಮಾಡದೆ ಇಷ್ಟೇ ಹೇಳಿ ಬಂದಿದ್ದರು: “ನೀವು ಹಾಕೋ ಹಾಲು ಕುರ್ಲಾದಾಗ ನಿಮ್ಮವರಽ ಕುಡೀತಾರವಾ. ಮುಂಬೈ ಅಂದ್ರ ದೂರ ಅಂತ ತಿಳೀಬ್ಯಾಡ್ರಿ, ಬಾಜೂ ಮನಿ ಅಂತ ತಿಳೀರಿ. ಬಾಜೂ ಮನೀಗೆ ಹೆಂಗ ಕೊಡತೀರಿ, ಹಂಗ ಕೊಡ್ರಿ.” ಆ ಮಾತು ಫಲಿಸಿತು. ಮರಡಿಹಾಳದ ಹಾಲಿನಲ್ಲಿ ನೀರೆಂಬುದು ಕಾಣಲಿಲ್ಲ. ಅಂಥ ಹಾಲು ನಮ್ಮ ಡೇರಿಗೆ ಬಂದದ್ದೇ ಅಪರೂಪ.

ಮುಂದಿನ ವರ್ಷ ದಸರೆ ಮುಗಿದು ಎಮ್ಮೆಗಳು ಈಯುವ ಕಾಲ ಬಂತು. ಒಂದು ಮುಂಜಾನೆ ಆ ಹಿಂದಿನ ಖಾನೆಯ ಹಾಲು ಕಾಯಿಸುವ ಪರೀಕ್ಷೆಯಲ್ಲಿ ಗಳಿಗೆಯೊಳಗೆ ಒಡೆದು ಗಡ್ಡೆಯಾಯಿತು. ಒಡೆದ ಹಾಲು ಯಂತ್ರದೊಳಗೆ ಹೋದರೆ ಯಂತ್ರವೇ ಕೆಡುತ್ತದೆ. ಖಾನೆಯ ಹಾಲನ್ನೆಲ್ಲ ಚರಂಡಿಗೆ ಬಿಡಿಸಬೇಕಾಯಿತು. ವಾರದೊಳಗೆ ಮತ್ತೊಮ್ಮೆ ಹಾಗೇ ಆಯಿತು. ಹಳಸಿದ ಹಾಲು ಸಾಗಿಸುತ್ತಿದ್ದಾರೆ, ಏನೋ ಪುಡಿ ಬೆರೆಸಿದ್ದಾರೆ ಎಂದು ತಲೆಗೊಂದು ಮಾತು ಹುಟ್ಟಿತು. ಆಗಿನ ಮ್ಯಾನೇಜರ ಸಾಹೇಬರು ಇಂದ್ರಾಬಾಯಿಯವರನ್ನು ಕರೆದು, “ಏಕ್ ಬಾರ್ ಔರ್ ಫಟಾ ತೋ ಸೊಸೈಟಿ ಬಂದ್”, ಇನ್ನೊಮ್ಮೆ ಒಡೆದರೆ ಸಂಘ ಬಂದ್, ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಸಾಹೇಬರ ಮಾತು ತಪ್ಪಲ್ಲ. ಆದರೆ ಸಂಘ ಮುಚ್ಚಿದರೆ ಮರಡಿಹಾಳದ ಆ ಹೆಣ್ಣುಮಕ್ಕಳ ಹಾಲನ್ನು ಇನ್ನಾರೂ ಕೊಳ್ಳುತ್ತಿರಲಿಲ್ಲ. ಮೋಸಗಾರರೆಂಬ ಹೆಸರು ಹೊತ್ತವರ ಹಾಲು ಯಾರಿಗೆ ಬೇಕು?

ಇಂದ್ರಾಬಾಯಿಯವರು ಒಡೆದ ಹಾಲಿನ ಗಾಜಿನ ನಳಿಗೆಯನ್ನು ಮೂಗಿಗೆ ಹಿಡಿದು ಬಹಳ ಹೊತ್ತು ನಿಂತರು. ಹುಳಿ ವಾಸನೆ ಇರಲಿಲ್ಲ. “ಅಣವೀರಪ್ಪ, ಇದು ಕೆಟ್ಟ ಹಾಲಲ್ಲೋ. ಕಮ್ಮಗದ” ಎಂದರು. ನನ್ನ ಮೂಗಿಗೂ ಹಿಡಿದರು. ಕಾಯಿಸಿದ ಗಿಣ್ಣದ ವಾಸನೆ. ಎಮ್ಮೆ ಈದ ಮೇಲೆ ಮೊದಲ ದಿನಗಳಲ್ಲಿ ಕರೆಯುವ ಆ ದಪ್ಪ ಹಾಲು ಮನೆಯಲ್ಲಿ ತಿನ್ನಲು ಅಮೃತವಾದರೂ ಡೇರಿಯ ಹಾಲಿಗೆ ಬೆರೆತರೆ ಕಾಯಿಸಿದೊಡನೆ ಎಲ್ಲವೂ ಗಟ್ಟಿಯಾಗುತ್ತದೆ. ಹಳ್ಳಿಯಲ್ಲಿ ಯಾರೂ ಗಿಣ್ಣವನ್ನು ಸಂಘಕ್ಕೆ ಹಾಕುವುದಿಲ್ಲ; ಅದನ್ನು ಹಾಕಬಾರದೆಂದು ಎಲ್ಲರಿಗೂ ಗೊತ್ತಿರುತ್ತದೆ. ಹಾಗಿದ್ದರೆ ಇವರೇಕೆ ಹಾಕಿದರು? ಮರುದಿನವೇ ರಜೆ ಹಾಕಿ, ನನ್ನನ್ನೂ ಎಳೆದುಕೊಂಡು ಅವರು ಬಸ್ಸು ಹತ್ತಿದರು.

ಸಂಘದ ಪಡಸಾಲೆಯಲ್ಲಿ ಹೆಣ್ಣುಮಕ್ಕಳೆಲ್ಲ ಕೂಡಿದರು. ಇಂದ್ರಾಬಾಯಿಯವರು ಬಯ್ಯಲಿಲ್ಲ, ಸುತ್ತು ಬಳಸಲಿಲ್ಲ. “ಗಿಣ್ಣ ಯಾರ್ ಹಾಕೀರವಾ?” ಎಂದು ಕೇಳಿದರು. ನಾನು ಎಲ್ಲರೂ ಮುಖ ತಪ್ಪಿಸುತ್ತಾರೆಂದು ಎಣಿಸಿದ್ದೆ. ತಪ್ಪಿಸಲಿಲ್ಲ. ಸಂಘದ ಹಿರಿಯಳು ಭಾಗವ್ವ, ಸೆರಗು ಸರಿಮಾಡಿಕೊಂಡು, ಹಬ್ಬದ ಮಾತಾಡುವವಳಂತೆ ಹೇಳಿದಳು.

“ಎಲ್ಲಾರೂ ಹಾಕೀವ್ರೀ ಬಾಯಾರ. ಯಾರ್ ಮನ್ಯಾಗ ಎಮ್ಮಿ ಈತು, ಅವರು ಒಂದೊಂದು ತಂಬಗಿ. ನೀವಽ ಹೇಳಿದ್ದಿರೆಲ್ರೀ, ಮುಂಬೈ ಅಂದ್ರ ಬಾಜೂ ಮನಿ ಅಂತ. ಬಾಜೂ ಮನೀಗೆ ಗಿಣ್ಣ ಕೊಡದಽ ನಾವು ಹೆಂಗ ಉಣ್ಣೂದು? ಎಮ್ಮಿ ಹಾಲ ಹಿಂಗತೈತಿ.”

ಗಿಣ್ಣವನ್ನು ನೆರೆಮನೆಗೆ ಹಂಚದೆ ತಿನ್ನಬಾರದು, ತಿಂದರೆ ಎಮ್ಮೆಯ ಹಾಲು ಬತ್ತುತ್ತದೆಂಬುದು ನಮ್ಮ ಕಡೆಯ ನಂಬಿಕೆ. ಭಾಷಣವನ್ನು ಜನ ಕೇಳುವುದಿಲ್ಲವೆಂದು ನಾವು ಗೊಣಗುತ್ತೇವೆ. ಈ ಹೆಣ್ಣುಮಕ್ಕಳು ಕೇಳಿದ್ದರು; ಕೇಳಿ, ಮನಸ್ಸಿಗೆ ಹಚ್ಚಿಕೊಂಡು, ತಮ್ಮ ಪಾಲಿನ ಅತ್ಯುತ್ತಮವಾದುದನ್ನು ಕ್ಯಾನಿಗೆ ಸುರಿದಿದ್ದರು. ನನಗೆ ನಗು ಬಂತು, ನಗಲಾಗಲಿಲ್ಲ. ಏಕೆಂದರೆ ಭಾಗವ್ವ ಮುಂದೆ ಕೇಳಿದ ಮಾತು ಹೀಗಿತ್ತು: “ನನ್ನ ಮಗಳು ಕಾಶವ್ವ ಕುರ್ಲಾದ ಚಾಳಿನ್ಯಾಗ ಅದಾಳ್ರೀ. ಬಾಣಂತಿ. ಅಕಿಗೆ ಒಂದು ಗುಟುಕರ ಮುಟ್ಟಿತೇನ್ರೀ?”

ಉತ್ತರ ಹೇಳಬೇಕಾದವನು ನಾನಾಗಿದ್ದರೆ ಮುಟ್ಟಿತೆಂದು ಹೇಳಿಬಿಡುತ್ತಿದ್ದೆ. ಒಂದು ಸುಳ್ಳಿನಿಂದ ತಾಯಿಯೊಬ್ಬಳ ಜೀವ ತಣ್ಣಗಾಗುವುದಾದರೆ ಅದಕ್ಕೆ ಯಾವ ದೇವರೂ ಸಿಟ್ಟಾಗಲಾರ. ಆದರೆ ಇಂದ್ರಾಬಾಯಿಯವರು ಇದ್ದುದನ್ನು ಇದ್ದ ಹಾಗೆ ಹೇಳುವುದನ್ನೇ ಕಸುಬು ಮಾಡಿಕೊಂಡವರು. “ಇಲ್ಲವಾ ಭಾಗವ್ವ” ಎಂದರು. “ಕಾಶವ್ವಗೂ ಮುಟ್ಟಿಲ್ಲ, ಯಾರಿಗೂ ಮುಟ್ಟಿಲ್ಲ. ಗಿಣ್ಣ ಕೂಡಿದ್ದಕ್ಕ ಎಲ್ಲಾ ಹಾಲು ಒಡೀತು. ಚರಂಡಿಗೆ ಹೋತು. ನಾನಽ ನಿಂತು ಚೆಲ್ಲಿಸೀನಿ.”

ಗಿಣ್ಣವನ್ನು ಚರಂಡಿಗೆ ಚೆಲ್ಲುವುದೆಂದರೆ ಆ ಹೆಂಗಸರಿಗೆ ಮನೆಯ ದೀಪ ಆರಿಸಿದ ಹಾಗೆ. ಇಂದ್ರಾಬಾಯಿಯವರು ಬಗ್ಗಿ ಸಂಘದ ನೆಲವನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು; ಬೇಸಿನ್ನಿನ ಮುಂದೆ ದಿನವೂ ಮಾಡುತ್ತಿದ್ದ ಅದೇ ನಮಸ್ಕಾರ. ಆಮೇಲೆ ಹೇಳಿದರು: “ಇನ್ನ ಮ್ಯಾಲೆ ಗಿಣ್ಣ ಡೇರಿ ಹಾಲಿಗೆ ಹಾಕಬ್ಯಾಡ್ರಿ. ಮನ್ಯಾಗ ಕಾಸಿ, ಡಬ್ಬಿಗೆ ಹಾಕಿ, ಮುಂಬೈ ಬಸ್ಸಿನ್ಯಾಗ ನನ್ನ ಹೆಸರಲೆ ಕಳಸ್ರಿ. ಬಾಜೂ ಮನೀಗೆ ನಾ ಮುಟ್ಟಸ್ತೀನಿ.”

ಕುರ್ಲಾಕ್ಕೆ ಮರಳಿ ಸಾಹೇಬರಿಗೆ ಎಲ್ಲವನ್ನೂ ಹೇಳಿದರು. ತಪ್ಪಿಗೆ ತಮ್ಮ ಭಾಷಣವೇ ಕಾರಣವೆಂದೂ, ಮತ್ತೊಮ್ಮೆ ಆ ಖಾನೆಯ ಹಾಲು ಒಡೆದರೆ ಸಂಘದ ಜೊತೆ ತಮ್ಮ ಹೆಸರನ್ನೂ ತೆಗೆದುಹಾಕಬೇಕೆಂದೂ ಹೇಳಿದರು. ಸಾಹೇಬರು ಮರಾಠಿಯವರು, ಅವರ ತಾಯಿಯೂ ನೆರೆಮನೆಗೆ ಖರವಸ, ಅಂದರೆ ನಮ್ಮ ಗಿಣ್ಣವನ್ನೇ, ಕೊಡುತ್ತಿದ್ದರಂತೆ. “ಠೀಕ್ ಆಹೆ” ಎಂದು ಒಪ್ಪಿದರು. ಅಂದಿನಿಂದ ಇಂದಿನವರೆಗೆ ಮರಡಿಹಾಳದ ಹಾಲು ಒಡೆದದ್ದಿಲ್ಲ.

ಡಬ್ಬಿಗಳು ಮಾತ್ರ ಬರತೊಡಗಿದವು. ಎಮ್ಮೆ ಈಯುವ ಕಾಲ ಬಂದರೆ ಬೆಳಗಿನ ಬಸ್ಸಿಗೆ ಬಟ್ಟೆ ಸುತ್ತಿದ ಸ್ಟೀಲಿನ ಡಬ್ಬಿಗಳು ಬಂದಿಳಿಯುತ್ತಿದ್ದವು. ಇಂದ್ರಾಬಾಯಿಯವರು ಅವನ್ನು ಲ್ಯಾಬಿನ ಹೊಸ್ತಿಲ ಆಚೆಯೇ ಇಡಿಸಿ, ಸಂಜೆ ಮಲ್ಲಿಗೆ ಮುಡಿದು, ಒಂದೊಂದು ಚಾಳಿನ ಮೆಟ್ಟಿಲು ಹತ್ತಿ ಹಂಚುತ್ತಿದ್ದರು. ಮೊದಲ ಪಾಲು ಕಾಶವ್ವನಿಗೆ, ಆಮೇಲೆ ಮರಡಿಹಾಳದವರಿಗೆ, ಆಮೇಲೆ ಯಾವ ಊರಿನವರಾದರೂ ಸರಿ, ಬಾಣಂತಿಯರಿಗೆ, ಮಕ್ಕಳಿಗೆ. ನನಗೂ ನಾಗರತ್ನಾಳಿಗೂ ಪಾಲು ಬರುತ್ತಿತ್ತು. ತಮಗೆ ಮಾತ್ರ ಒಂದು ಚೂರನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಒಮ್ಮೆ ನಾನು ಬಿಡದೆ ಕೇಳಿದ್ದಕ್ಕೆ, “ಚರಂಡಿಗೆ ಚೆಲ್ಲಿಸಿದಾಕಿ ನಾ. ನನಗ ಹೆಂಗ ಇಳೀತದೋ? ನಮ್ಮವ್ವ ಹೇಳಿದ್ದು ಸುಳ್ಳಲ್ಲ” ಎಂದರು. ಆ ದಿನ ಮೊದಲ ಸಲ ಅವರ ಮೇಲೆ ನನಗೆ ಸಿಟ್ಟು ಬಂತು. ಇಡೀ ಊರಿನ ಹಾಲು ಪರೀಕ್ಷೆ ಮಾಡಿ ಪಾಸು ಮಾಡಿದವರು ತಮ್ಮನ್ನು ಮಾತ್ರ ಫೇಲು ಮಾಡಿಕೊಂಡು ಕೂತಿದ್ದರು.

ಕಳೆದ ತಿಂಗಳು ಅವರ ಸೇವೆಯ ಕಡೆಯ ದಿನ. ಬೆಳಗಿನ ಪಾಳಿಗೆ ಬಂದ ಇಂದ್ರಾಬಾಯಿಯವರನ್ನು ನೋಡಿ ನಾವೆಲ್ಲ ಎದ್ದು ನಿಂತೆವು. ಜಡೆಯಲ್ಲಿ ಮಲ್ಲಿಗೆ ಇತ್ತು. ಹೂ ಮುಡಿದು ಬಂದವರು ಹಾಲು ಮೂಸುವಂತಿಲ್ಲ. ಅದು ಅವರದೇ ಕಾನೂನು. ಲ್ಯಾಬಿನ ನಮ್ಮ ಕಿರಿಯ ಸಹೋದ್ಯೋಗಿ ಸ್ನೇಹಲ್ ಕಡೆಗೆ ತಿರುಗಿ, “ಮೊದಲನೇ ಟ್ಯಾಂಕರ್ ನಿಂದು” ಎಂದರು. ಮುಂಬಯಿಯಲ್ಲೇ ಹುಟ್ಟಿ ಬೆಳೆದು, ಕನ್ನಡ ತಿಳಿದರೂ ಆಡಲು ತಡವರಿಸುವ ಆ ಹುಡುಗಿ ಒಂದು ಗುಟುಕು ಬಾಯಿಗೆ ಹಾಕಿದಳು, ಉಗುಳಿದಳು. ಉಗುಳಿ, ಯಾರೂ ಹೇಳದೆ, ಬೇಸಿನ್ನಿನ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಇಂದ್ರಾಬಾಯಿಯವರು ಕಿಟಕಿಯ ಕಡೆಗೆ ಮುಖ ಮಾಡಿ ನಿಂತರು.

ಅಷ್ಟರಲ್ಲಿ ಗೇಟಿನಿಂದ ಫೋನು ಬಂತು. ಭಾಗವ್ವ ಬಂದಿದ್ದಳು. ಬಸ್ಸಿನಿಂದ ಇಳಿದವಳು ಮಗಳು ಕಾಶವ್ವನ ಕೈ ಹಿಡಿದು ನೇರ ಡೇರಿಗೇ ಬಂದಿದ್ದಳು. ಲ್ಯಾಬಿನ ಬಾಗಿಲಿಗೆ ಕರೆಸಿದಾಗ ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಡಬ್ಬಿ ಕಂಡಿತು. ಇಂದ್ರಾಬಾಯಿಯವರು ಅಭ್ಯಾಸದಂತೆ, “ಹೊರಗಿಡವಾ, ಸಂಜೀಕ ಹಂಚತೀನಿ” ಎಂದರು.

“ಇದು ಹಂಚೂದಲ್ರೀ” ಎಂದಳು ಭಾಗವ್ವ. “ನೀವು ಒಂದು ಚೂರೂ ಬಾಯಾಗ ಹಾಕ್ಕೊಂಡಿಲ್ಲಂತ ಕಾಶವ್ವ ಹೇಳ್ಯಾಳ. ಎಲ್ಲಾ ಬಾಜೂ ಮನೀಗೂ ಮುಟ್ಟಸಿದ್ರಿ, ಒಂದು ಮನಿ ಉಳದೈತಿ.”

“ಭಾಗವ್ವ, ನಾ ಅದನ್ನ ಚರಂಡಿಗೆ ಹಾಕಿಸಿದಾಕಿ.”

“ಚರಂಡಿಗೆ ಹೋದದ್ದು ಭೂಮಿತಾಯಿ ಪಾಲ್ರೀ. ಅಕೀಗೂ ಒಂದು ಪಾಲು ಬೇಕಲ್ಲ? ಇದು ನಿಮ್ಮ ಪಾಲು. ಬಾಯಿ ತಗೀರಿ.”

ನಮ್ಮ ಗುಣ ವಿಭಾಗದ ಮುಖ್ಯಸ್ಥರು ಕೂಸಿನಂತೆ ಬಾಯಿ ತೆರೆದರು. ಭಾಗವ್ವ ತನ್ನ ಕೈಯಾರೆ ಒಂದು ತುಂಡು ಗಿಣ್ಣ ಇಟ್ಟಳು. ಇಷ್ಟು ವರ್ಷಗಳ ರೂಢಿ ಎಲ್ಲಿ ಹೋಗಬೇಕು? ಇಂದ್ರಾಬಾಯಿಯವರು ಅದನ್ನು ನಾಲಗೆಯ ಮೇಲೆ ಆಡಿಸಿದರು, ತಮಗೆ ಅರಿವಿಲ್ಲದೆ ಬೇಸಿನ್ನಿನ ಕಡೆಗೆ ತಿರುಗಿದರು, ಬಗ್ಗಿದರು. ಆಗ ಸ್ನೇಹಲ್ ಅವರ ತೋಳು ಹಿಡಿದಳು. “ಬಾಯಾರ, ಉಗಳಬೇಡ್ರಿ. ಹೇ ಸ್ಯಾಂಪಲ್ ನಾಹೀ.” ಇದು ಸ್ಯಾಂಪಲ್ ಅಲ್ಲವೆಂದು ಅರ್ಧ ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ ಹೇಳಿದಳು.

ಇಂದ್ರಾಬಾಯಿಯವರು ನುಂಗಿದರು. ಆಮೇಲೆ ಬೇಸಿನ್ನನ್ನು ಹಿಡಿದುಕೊಂಡು ಅತ್ತರು. ಭಾಗವ್ವ ಬೆನ್ನು ಸವರುತ್ತ ನಿಂತಳು. ಅಳು ನಿಂತ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಇಡೀ ಲ್ಯಾಬು ಕಾಯುತ್ತಿದ್ದ ತೀರ್ಪನ್ನು ಕೊಟ್ಟರು: “ಭಾಗವ್ವ, ಏಲಕ್ಕಿ ತುಸು ಜಾಸ್ತಿ ಆಗೇದ.” ಕೊಟ್ಟು, ಇನ್ನೊಂದು ತುಂಡಿಗೆ ಕೈ ಚಾಚಿದರು.

ನಿವೃತ್ತಿಯ ನಂತರವೂ ಇಂದ್ರಾಬಾಯಿಯವರು ಸುಮ್ಮನೆ ಕೂಡುವವರಲ್ಲ. ರವಿವಾರ ಚಾಳಿನ ಗ್ಯಾಲರಿಯಲ್ಲಿ ಕುಳಿತು ನೆರೆಹೊರೆಯವರು ತಂದ ಹಾಲು ಪರೀಕ್ಷಿಸಿ ಕೊಡುವ ಅವರ ಹಳೆಯ ಸೇವೆ ಇನ್ನು ಮೇಲೆ ದಿನವೂ ನಡೆಯುವುದೆಂದು ಕೇಳಿದ್ದೇನೆ. ಸ್ನೇಹಲ್‌ಳನ್ನು ಮರಡಿಹಾಳಕ್ಕೆ ಕರೆದೊಯ್ದು ಪರಿಚಯಿಸುವ ಯೋಜನೆಯೂ ಇದೆಯಂತೆ. ಅವರು ನೂರು ಕಾಲ ಬಾಳಲೆಂದು ಈ ಗ್ರಂಥದಲ್ಲಿ ಎಲ್ಲರೂ ಹರಸಿರುತ್ತಾರೆ, ನಾನೂ ಹರಸುತ್ತೇನೆ. ಆದರೆ ಬಾಯಾರ, ಕೈಕೆಳಗಿನವನಾಗಿ ನಿಮ್ಮನ್ನು ಒಂದೇ ಒಂದು ಬೇಡುತ್ತೇನೆ. ಇನ್ನು ಮೇಲೆ ಮುಂಜಾನೆಯೇ ಹೂ ಮುಡಿಯಿರಿ. ಮರಡಿಹಾಳದ ಎಮ್ಮೆ ಈದಾಗಲೆಲ್ಲ ಮೊದಲ ಪಾಲು ನೀವು ತಿನ್ನಿರಿ, ಉಳಿದದ್ದು ನಮಗೆ ಮುಟ್ಟಿಸಿರಿ. ಬಾಜೂ ಮನೆಯವರು ನಾವು ಕಾಯುತ್ತೇವೆ.